ವಕೀಲರ ಬಳಿಗೆ ಹೋಗುವ ಮುನ್ನ

ನ್ಯಾಯಾಲಯದ ಸಮನ್ಸು ಮನೆ ಬಾಗಿಲಿಗೆ ಬಂದ ದಿನ ನಮ್ಮ ಅನೇಕ ಕುಟುಂಬಗಳಲ್ಲಿ ಮೊದಲು ನಡೆಯುವುದು ಅದನ್ನು ಬಚ್ಚಿಡುವ ಕೆಲಸ. ನೆರೆಯವರಿಗೆ ತಿಳಿದೀತೆಂಬ ನಾಚಿಕೆ ಒಂದು ಕಡೆ, ಕೋರ್ಟು ಕಚೇರಿ ಕ್ರೈಸ್ತರಾದವರಿಗೆ ತಕ್ಕುದಲ್ಲವೆಂಬ ಅಳುಕು ಇನ್ನೊಂದು ಕಡೆ. ಸಂತ ಪೌಲರು ಕೊರಿಂಥದ ವಿಶ್ವಾಸಿಗಳನ್ನು ಅವರ ವ್ಯಾಜ್ಯಗಳಿಗಾಗಿ ಗದರಿಸಿದ್ದು ನಿಜ. ಆದರೆ ಅದೇ ಪೌಲರು ತಮಗೆ ಅನ್ಯಾಯವಾಗುವುದೆಂದು ಕಂಡಾಗ ರೋಮನ್ ಪೌರನಿಗಿದ್ದ ಹಕ್ಕನ್ನು ಬಳಸಿ ಚಕ್ರವರ್ತಿಯ ಮುಂದೆಯೇ ವಿಚಾರಣೆಯಾಗಲೆಂದು ಕೇಳಿಕೊಂಡರೆಂಬುದನ್ನೂ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಸಿವಿಲ್ ದಾವೆಯಲ್ಲಿ ಸಮನ್ಸು ತಲುಪಿದ 30 ದಿನಗಳೊಳಗೆ ಪ್ರತಿವಾದಿಯು ತನ್ನ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ನೀಡಬಹುದು. ಸಮನ್ಸನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಮಾತ್ರಕ್ಕೆ ಈ ದಿನಗಳ ಎಣಿಕೆ ನಿಲ್ಲುವುದಿಲ್ಲ.

ಯಾವ ವಕೀಲರನ್ನು ಹಿಡಿಯಬೇಕು? ರಾಯಚೂರಿನ ದೊಡ್ಡ ಹೆಸರಿನವರೇ ಬೇಕು, ಬೆಂಗಳೂರಿನವರಾದರೆ ಇನ್ನೂ ಮೇಲು ಎಂಬ ಭ್ರಮೆ ನಮ್ಮಲ್ಲಿ ಬಹಳ. ಸಿಂಧನೂರು ಅಥವಾ ಲಿಂಗಸುಗೂರು ನ್ಯಾಯಾಲಯದಲ್ಲಿ ನಡೆಯುವ ಮೊಕದ್ದಮೆಗೆ ಅಲ್ಲಿಯೇ ದಿನನಿತ್ಯ ನಿಲ್ಲುವ ವಕೀಲರೇ ಸಾಮಾನ್ಯವಾಗಿ ಮೇಲು. ಪಹಣಿ, ಮ್ಯುಟೇಶನ್ ತಕರಾರಿನ ಮೇಲ್ಮನವಿಗೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಆ ಕಚೇರಿಯ ನಡೆ ಬಲ್ಲವರು ಬೇಕು. ವ್ಯಾಜ್ಯ ಉಚ್ಚ ನ್ಯಾಯಾಲಯದವರೆಗೆ ಹೋದರೂ ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಓಡಬೇಕಾಗಿಲ್ಲ. 2008ರಲ್ಲಿ ಆರಂಭವಾದ ಕಲಬುರಗಿಯ ಪೀಠವಿದೆ. ವಕೀಲರು ನಮ್ಮ ಧರ್ಮಕೇಂದ್ರದವರೇ ಆಗಿರಬೇಕೆಂಬ ಹಟವೂ ಸಲ್ಲದು. ಜಮೀನಿನ ದಾವೆಗೆ ಜಮೀನಿನ ದಾವೆ ನಡೆಸಿ ಬಲ್ಲವರು ಬೇಕು. ಅವರು ಯಾವ ದೇವಾಲಯಕ್ಕೆ ಹೋಗುತ್ತಾರೆಂಬುದು ಆಮೇಲಿನ ಮಾತು.

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಿ ಅರ್ಧ ದಿನ ದುಃಖ ತೋಡಿಕೊಂಡು ಬರುವವರೇ ಹೆಚ್ಚು. ವಕೀಲರಿಗೆ ಬೇಕಾದುದು ಕಾಗದ. ಇಂದಿನ ಪಹಣಿಯ ಜೊತೆಗೆ ದೊರೆತಷ್ಟು ಹಳೆಯ ವರ್ಷಗಳ ಕೈಬರಹದ ಪಹಣಿ, ಮ್ಯುಟೇಶನ್ ನಕಲು, ಕ್ರಯಪತ್ರ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಮರಣ ಪ್ರಮಾಣಪತ್ರ, ಇವನ್ನು ಮೊದಲೇ ಕೂಡಿಸಿಕೊಳ್ಳಬೇಕು. ಈಚೆಗೆ ತಾಲ್ಲೂಕಾದ ಮಸ್ಕಿಯ ಕಡೆಯವರು ಹಳೆಯ ದಾಖಲೆಗಳಿಗಾಗಿ ಹಿಂದೆ ತಮ್ಮ ಊರು ಸೇರಿದ್ದ ತಾಲ್ಲೂಕಿನ ಕಚೇರಿಯಲ್ಲಿಯೂ ವಿಚಾರಿಸಬೇಕಾದೀತು. ನಮ್ಮ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು; ಆದುದರಿಂದ ಅಜ್ಜನ ಕಾಲದ ಎಷ್ಟೋ ಕಾಗದಗಳು ಉರ್ದುವಿನಲ್ಲಿವೆ. ಓದಲು ಬಾರದೆಂದು ಅವನ್ನು ಎಸೆಯಬಾರದು. ಅನುವಾದ ಮಾಡಿಸಬಹುದು; ಕಳೆದುಹೋದುದನ್ನು ಹುಟ್ಟಿಸಲಾಗದು. ನಾಲೆಯ ಬದಿಯ ಕ್ಯಾಂಪುಗಳಲ್ಲಿ ಬರಿಯ ಕರಾರುಪತ್ರ ಅಥವಾ ಮುಖ್ತಾರ್ ಪತ್ರದ ಮೇಲೆ ಭೂಮಿ ಕೊಂಡವರು ಅದನ್ನೂ ಮುಚ್ಚುಮರೆಯಿಲ್ಲದೆ ತೋರಿಸಬೇಕು. ಅಂಥ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

ನಮ್ಮವರಿಗೇ ವಿಶೇಷವಾದ ತೊಡಕೊಂದುಂಟು, ಎರಡು ಹೆಸರಿನ ತೊಡಕು. ಜ್ಞಾನಸ್ನಾನದ ದಾಖಲೆಯಲ್ಲಿ ಜೋಸೆಫ್, ಪಹಣಿಯಲ್ಲಿ ಯಲ್ಲಪ್ಪ, ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆ. ಮನೆಯವರಿಗೆ ಇದು ತಮಾಷೆಯ ಸಂಗತಿ. ಎದುರು ಪಕ್ಷದ ವಕೀಲರಿಗೆ ಹಬ್ಬ. ಜೋಸೆಫನೂ ಯಲ್ಲಪ್ಪನೂ ಒಬ್ಬನೇ ಎಂಬುದನ್ನು ಸಾಬೀತುಪಡಿಸುವ ಹೊರೆ ಬೀಳುವುದು ಮಕ್ಕಳ ಮೇಲೆ. 1915ರಲ್ಲಿ ನಮ್ಮ ಮಸ್ಕಿಯ ಬಂಡೆಯ ಮೇಲಿನ ಶಾಸನ ಬೆಳಕಿಗೆ ಬಂದಾಗಲಲ್ಲವೆ, ದೇವಾನಾಂಪ್ರಿಯನೆಂಬ ಬಿರುದಿನ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ನೇರ ಸಾಕ್ಷ್ಯ ಸಿಕ್ಕಿದ್ದು? ಚಕ್ರವರ್ತಿಗೇ ಎರಡು ಹೆಸರು ಕೂಡಿದ ಒಂದು ಬರಹ ಬೇಕಾಯಿತು. ನಮ್ಮ ನಿಮ್ಮ ಪಾಡೇನು! ಧರ್ಮಕೇಂದ್ರದ ಗುರುಗಳನ್ನು ಕಂಡು ಜ್ಞಾನಸ್ನಾನ, ವಿವಾಹ ಮತ್ತು ಮರಣದ ದಾಖಲೆಗಳ ಪ್ರತಿಯನ್ನು ಪಡೆಯಿರಿ. ತಂದೆ ತಾಯಿಯ ಹೆಸರು ಅವುಗಳಲ್ಲಿರುವುದರಿಂದ ವಂಶವೃಕ್ಷ ಬರೆಯಲು ಅವು ಬಹಳ ನೆರವಾಗುತ್ತವೆ. ಮುದಗಲ್ಲಿನಂಥ ಪುರಾತನ ಕಥೋಲಿಕ ನೆಲೆಯಲ್ಲಿ ಇದರ ಬೆಲೆ ಹೇಳತೀರದು. ಇಷ್ಟೇ ಸಾಕೆ, ಸಾಕ್ಷಿಗಳೂ ಬೇಕೆ ಎಂಬುದನ್ನು ವಕೀಲರು ಹೇಳುತ್ತಾರೆ.

ಕಾಗದಗಳ ಜೊತೆಗೆ ಒಂದು ಹಾಳೆಯಲ್ಲಿ ನಡೆದ ಸಂಗತಿಗಳನ್ನು ಇಸವಿಯ ಕ್ರಮದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ನಮಗೆ ಪ್ರತಿಕೂಲವಾದುದನ್ನು ಮೊದಲು ಹೇಳಬೇಕು. ತಮ್ಮನಿಂದ ಹಣ ಪಡೆದು ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದರೆ ಅದು ಪಾಟೀಸವಾಲಿನ ದಿನ ಹೊರಬೀಳುವುದಕ್ಕಿಂತ ಇಂದೇ ತಿಳಿಯಲಿ. ಕಕ್ಷಿದಾರನು ನಂಬಿ ಹೇಳಿದ್ದನ್ನು ವಕೀಲರು ಹೊರಗೆಡಹುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ, ಅದಕ್ಕೆ ಹಿಂದಿನ 1872ರ ಕಾಯ್ದೆಯಂತೆಯೇ, ಈ ಗುಟ್ಟನ್ನು ರಕ್ಷಿಸುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಉಪಾಯ ಕೇಳುವವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ಶುಲ್ಕದ ಮಾತನ್ನು ಸಂಕೋಚಪಡದೆ ಅಂದೇ ಆಡಬೇಕು: ಒಟ್ಟು ಎಷ್ಟು, ಕಂತೆಷ್ಟು, ನ್ಯಾಯಾಲಯದ ಶುಲ್ಕ ಮತ್ತು ನಕಲಿನ ವೆಚ್ಚ ಅದರಲ್ಲಿ ಸೇರಿದೆಯೇ? ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರು ಮಾಡಿಕೊಳ್ಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸುತ್ತದೆ. ವಕಾಲತ್ತಿಗೆ ಸಹಿ ಹಾಕುವುದು ಸರಿ, ಖಾಲಿ ಛಾಪಾಕಾಗದಕ್ಕೆ ಸಹಿ ಹಾಕುವುದು ಸರಿಯಲ್ಲ. ಮೂಲಪತ್ರಗಳನ್ನು ಕೊಟ್ಟರೆ ಕೊಟ್ಟದ್ದಕ್ಕೆ ಪಟ್ಟಿ ಮತ್ತು ರಸೀದಿ ಪಡೆಯಬೇಕು. ದಾವೆ ದಾಖಲಾದ ಮೇಲೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಮುಂದಿನ ದಿನಾಂಕವನ್ನು ಮಕ್ಕಳೇ ಮೊಬೈಲಿನಲ್ಲಿ ನೋಡಿ ಹೇಳಬಲ್ಲರು.

ವಿವಾಹದ ವ್ಯಾಜ್ಯವಾದರೆ ಒಂದೇ ಮಾತು. ಧರ್ಮಕ್ಷೇತ್ರದ ನ್ಯಾಯಪೀಠವು ವಿವಾಹವನ್ನು ಅಸಿಂಧುವೆಂದು ಘೋಷಿಸಿದರೂ ದೇಶದ ಕಾನೂನಿನಲ್ಲಿ ಆ ವಿವಾಹ ಉಳಿದೇ ಇರುತ್ತದೆ. 1996ರಲ್ಲಿಯೂ 2017ರಲ್ಲಿಯೂ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಅದನ್ನು ಅರಿಯದೆ ಮರುಮದುವೆಯಾದವರು ದ್ವಿಪತ್ನಿತ್ವದ ಆರೋಪಕ್ಕೆ ಗುರಿಯಾಗಬಹುದು.

ಆಸ್ತಿಯ ವಿಷಯದಲ್ಲಿ ವಕೀಲರಿಗೆ ಮೊದಲೇ ತಿಳಿಸಬೇಕಾದುದು ನಾವು ಕ್ರೈಸ್ತರೆಂಬುದನ್ನು. ಹೆಸರು ನೋಡಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ವಯ ದಾವೆ ಸಿದ್ಧಪಡಿಸಿದರೆ ಬುಡವೇ ತಪ್ಪಿತು. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಮಗನಿಗೆ ಹುಟ್ಟಿನಿಂದಲೇ ಬರುವ ಹಕ್ಕೆಂಬುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ವಿಧವೆಗೆ ಮೂರರಲ್ಲಿ ಒಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ, ಗಂಡೆಂದು ಹೆಚ್ಚಿಲ್ಲ, ಹೆಣ್ಣೆಂದು ಕಡಿಮೆಯಿಲ್ಲ. ಒಂಬತ್ತು ಎಕರೆ ಬಿಟ್ಟು ಹೋದ ತಂದೆಗೆ ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಒಬ್ಬಳು ಮಗಳೂ ಇದ್ದರೆ ತಾಯಿಗೆ ಮೂರು ಎಕರೆ, ಮಕ್ಕಳಿಗೆ ತಲಾ ಎರಡೆರಡು. ವಾಸ್ತವದಲ್ಲಿ ಆಗುವುದೇನು? ತವರಿನ ಸಂಬಂಧ ಕೆಡಬಾರದೆಂದು ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಲಾಗುತ್ತದೆ. ಬರೆಸುವವರು ಅಣ್ಣಂದಿರು, ಓದಿ ಹೇಳುವವರು ಅಣ್ಣಂದಿರ ವಕೀಲರು. ಹಕ್ಕು ಬಿಡುವುದು ಆಕೆಯ ಇಚ್ಛೆಯಾಗಿದ್ದರೆ ಬಿಡಲಿ. ಆದರೆ ಎಷ್ಟು ಎಕರೆ ಬಿಡುತ್ತಿದ್ದೇನೆಂದು ತಾನೇ ನೇಮಿಸಿಕೊಂಡ ಬೇರೊಬ್ಬ ವಕೀಲರಿಂದ ತಿಳಿದು ಬಿಡಲಿ.

ಬೇರೆ ವಕೀಲರಿಗೆ ದುಡ್ಡೆಲ್ಲಿದೆ ಎಂಬ ಪ್ರಶ್ನೆ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿಯ ಮೂಲದಿಂದ ಬಂದ ನಮ್ಮ ಬಂಧುಗಳು, 1950ರ ಆದೇಶದ ಕಾರಣ, ಆ ಜಾತಿಯ ಆಧಾರದ ಮೇಲೆ ಉಚಿತ ನೆರವು ಕೇಳುವಂತಿಲ್ಲ. ಅದು ಬೇರೆಯೇ ನೋವು. ಆದರೆ ಹೆಣ್ಣಾಗಿದ್ದರೆ ಸಾಕು, ಆದಾಯವೆಷ್ಟೇ ಇರಲಿ, ಧರ್ಮ ಯಾವುದೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕು ಆಕೆಗಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ನ್ಯಾಯಾಲಯದ ಆವರಣದಲ್ಲಿಯೇ ಅರ್ಜಿ ಕೊಡಬಹುದು. ಮನೆಯಿಂದಲೇ ಕೇಳುವವರು 15100 ಸಂಖ್ಯೆಗೆ ಕರೆಮಾಡಬಹುದು.