ಆನಂದಪುರದ ಸಭೆ ಕಟ್ಟಿದವರು ಯಾರು?

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ 'ಮಂಗಳೂರು ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಮಂತ್ರಿಗಳು ಬರುತ್ತಾರೆ, ಸಂಪಾದಕರು ಬರುತ್ತಾರೆ, ಮೋಗ್ಲಿಂಗ್ ಫೋಟೋಕ್ಕೆ ಹಾರ ಬೀಳುತ್ತದೆ. ಬೀಳಲಿ ಬಿಡಿ. ಆದರೆ ಇದೇ ಮೋಗ್ಲಿಂಗ್ ಹತ್ತು ವರ್ಷದ ಮೇಲೆ, 1853ರಲ್ಲಿ, ಕೊಡಗಿಗೆ ಹೋದರು. ಅಲ್ಲಿ ಅವರ ಸುತ್ತ ಬಂದು ಕೂತವರು ಹೊಲೆಯರು. ಅಮ್ಮತ್ತಿ ಹತ್ತಿರ ಆನಂದಪುರ ಅನ್ನೋ ಹೊಸ ಊರೂ ಒಂದು ಕ್ರೈಸ್ತ ಸಭೆಯೂ ಅವರಿಂದ ಎದ್ದವು. ಈ ಮಾತನ್ನು ಯಾವ ವೇದಿಕೆಯಲ್ಲಿ ಯಾರು ಆಡುತ್ತಾರೆ? ಪತ್ರಿಕೆಯ ಮೋಗ್ಲಿಂಗ್ ಬೇಕು, ಹೊಲೆಯರ ಮೋಗ್ಲಿಂಗ್ ಬೇಡ. ನಮ್ಮ ತಕರಾರು ಇಲ್ಲಿದೆ.

ಪೂರಿಗಾಲಿ ಕಡೆಯ ಹುಡುಗರಿಗೆ ಕೊಡಗಿನ ಪಂಚಾಯ್ತಿ ಯಾಕಪ್ಪಾ ಅಂತ ಕೇಳಬೇಡಿ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ ಅಲ್ಲಿಂದಲೇ ಇಳಿದು ಬರುವುದು. ಅದೂ ಅಲ್ಲದೆ ನಮ್ಮ ಹಾಸ್ಟೆಲುಗಳಲ್ಲೇ ಓಡಾಡುವ ಒಂದು ಮಾತಿದೆ: "ಅವ್ರು ಬುಡಪ್ಪ, ಹಾಲುಪುಡಿಗೆ ಜಾತಿ ಬುಟ್ಟೋರು." ಚರ್ಚಿಗೆ ಹೋಗುವ ಕೇರಿಯವರನ್ನು ಕಂಡಾಗ ಊರಿನ ಮೇಲುಜಾತಿಯವರು ಉಗಿಯುವ ಮಾತಿದು. ಹೊಟ್ಟೆ ಉರಿಯುವುದು ಯಾಕೆಂದರೆ, ಅದನ್ನು ನಮ್ಮ ಹುಡುಗರೂ ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಾರೆ. ಈ ಮಾತಿಗೆ ಉತ್ತರ ಬೇಕಾದರೆ ಆನಂದಪುರದ ಚರಿತ್ರೆ ತೆಗೆಯಬೇಕು.

ಆ ಕಾಲದ ಕೊಡಗಿನಲ್ಲಿ ಹೊಲೆಯ ಅಂದರೆ ಆಳು. ಆಳಿನಲ್ಲೂ ಎರಡು ಬಗೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವನು ಗದ್ದೆಗೆ ಸೇರಿದವನು. ಗದ್ದೆ ಕೈ ಬದಲಾದರೆ ಅದರ ಜೊತೆ ಅವನೂ ಬದಲಾಗಬೇಕು. ಎರಡನೆಯವನು ಮನೆತನಕ್ಕೆ ಸೇರಿದವನು. ಅವನನ್ನು ಗದ್ದೆ ಬಿಟ್ಟು ಬೇರೆಯಾಗಿಯೂ ಮಾರಬಹುದಿತ್ತು. ಕೊಟ್ಟಿಗೆಯ ದನಕ್ಕೂ ಇವನಿಗೂ ಏನು ವ್ಯತ್ಯಾಸ ಸ್ವಾಮಿ? 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಗೆ ಬಂತು. 1843ರಲ್ಲಿ, ಆ ಪತ್ರಿಕೆ ಹುಟ್ಟಿದ ವರ್ಷದಲ್ಲೇ, ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಅಂತ 5ನೇ ಕಾಯ್ದೆ ಬಂತು. ಕಾಯ್ದೆ ಕಾಗದದ ಮೇಲೆ ಬಂತು, ಗದ್ದೆಗೆ ಇಳಿಯಲಿಲ್ಲ. 'ನೀನು ಸ್ವತಂತ್ರ' ಅಂದರೆ ಆಳು ಎಲ್ಲಿಗೆ ಹೋಗಬೇಕು? ಗುಡಿಸಲು ಒಡೆಯನ ನೆಲದ ಮೇಲೆ, ಕೂಳು ಒಡೆಯನ ಕಣಜದಲ್ಲಿ.

ಸಭೆಯ ಕತೆಯಲ್ಲಿ ಮೊದಲು ಬರುವ ಹೆಸರು ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರದು. ಕ್ರೈಸ್ತರಾಗಿ ಸ್ಟೆಫನಾಸ್ ಅಂತ ಹೆಸರು ಪಡೆದರು. ಅವರ ಧೈರ್ಯವನ್ನು ನಾವು ಕಡಿಮೆ ಮಾಡುವುದಿಲ್ಲ. ಅವರ ಹಿಂದೆ ಇನ್ನಷ್ಟು ಕೊಡವರು ಬಂದಾರು ಅಂತ ಮಿಶನ್ನಿನ ಆಸೆ. ಬರಲಿಲ್ಲ. ಬಂದವರು ಆಳುಗಳು. 1850ರ ದಶಕ ಮುಗಿಯುವ ಹೊತ್ತಿಗೆ ಆನಂದಪುರ ಎದ್ದಿತ್ತು. ಒಡೆಯನದಲ್ಲದ ನೆಲದ ಮೇಲೆ ಹೊಲೆಯರು ಗುಡಿಸಲು ಹಾಕಿದರು. ಆ ಮೊದಲ ರಾತ್ರಿ ಅವರು ಹೇಗೆ ಮಲಗಿರಬಹುದು, ನೀವೇ ಯೋಚಿಸಿ. ಬೆಳಿಗ್ಗೆ ಕೂಗುವ ಒಡೆಯ ಇಲ್ಲ.

ಆಸೆಗೆ ಹೋದರು ಅಂತೀರಾ? ಹೌದು, ಆಸೆಗೇ ಹೋದರು. ಕಾಲೂರಲು ನೆಲದ ಆಸೆ, ಮಗ ನಾಲ್ಕಕ್ಷರ ಕಲಿಯಲಿ ಅನ್ನೋ ಆಸೆ, ಹೆಂಡತಿ ಮಕ್ಕಳು ಬೇರೆಯವರ ಸೊತ್ತಾಗದಿರಲಿ ಅನ್ನೋ ಆಸೆ. ಜಮೀನ್ದಾರನಿಗೆ ಆಸೆ ಹುಟ್ಟಿದರೆ ಅದು ಆಸ್ತಿ ಆಗುತ್ತದೆ. ಹೊಲೆಯನಿಗೆ ಆಸೆ ಹುಟ್ಟಿದರೆ ಮಾತ್ರ ಅದು ಆಮಿಷವೋ?

ನಮ್ಮ ಮೈಸೂರು ಸೀಮೆಗೆ ಬನ್ನಿ. 1871ರಲ್ಲಿ ಇಲ್ಲಿದ್ದ ಜನ 50,55,412. 1876ರಿಂದ 78ರವರೆಗಿನ ದೊಡ್ಡ ಬರ ಕಳೆದ ಮೇಲೆ, 1881ರಲ್ಲಿ ಉಳಿದವರು 41,86,188. ಸತ್ತವರು ಯಾರು? ಕಣಜ ಇದ್ದವರೇ? ಆಗ ಹಾಸನ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಶನ್ನಿನವರು ಅನಾಥಾಲಯ ತೆರೆದು ಮಕ್ಕಳನ್ನು ಸಾಕಿದರು. ಆ ಮಕ್ಕಳಿಂದ ಸಭೆಗಳು ಬೆಳೆದವು. ಗಂಜಿ ಕೊಟ್ಟವರ ಮೇಲೆ ಇವತ್ತು ಕೇಸು ಹಾಕಲು ಓಡಾಡುವವರೇ, ಕೂಲಿಯವನಿಗೆ ಗಂಜಿಯೂ ಇಲ್ಲದಂತೆ ಮಾಡಿದ ವ್ಯವಸ್ಥೆಯ ಮೇಲೆ ಕೇಸು ಹಾಕುವುದು ಯಾವಾಗ?

ಇಷ್ಟು ಹೇಳಿದ ಮಾತ್ರಕ್ಕೆ ನಾವು ಪಾದ್ರಿಗಳ ವಕೀಲರಲ್ಲ. ಚರ್ಚಿನ ಲೆಕ್ಕವನ್ನೂ ತೆಗೆಯೋಣ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ 1640ರ ದಶಕದ ಕೊನೆಯಲ್ಲೇ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಬಂದರು. ಹಿಡಿದದ್ದು ಮಧುರೆಯ ನೊಬಿಲಿಯ ದಾರಿ: ಕಾವಿ ತೊಟ್ಟು ಸನ್ಯಾಸಿ ಆಗುವುದು, ಮೇಲುಜಾತಿಯ ಮನಸ್ಸು ಗೆಲ್ಲುವುದು. ಆ ದಾರಿಯಲ್ಲಿ ಕ್ರೈಸ್ತನಾದವನು ಜುಟ್ಟು ಜನಿವಾರ ಇಟ್ಟುಕೊಳ್ಳಬಹುದು ಅಂತ 1623ರಲ್ಲಿ ರೋಮಿನ ಪೋಪರೇ ಒಪ್ಪಿಗೆ ಕೊಟ್ಟಿದ್ದರು. ಹೊಲೆಯರಿಗೆ ಬೇರೆ ಪಾದ್ರಿ ಅನ್ನೋ ಏರ್ಪಾಡಿಗೆ 1744ರಲ್ಲಿ ಒಪ್ಪಿಗೆಯೂ ಬಂತು. ಏಸು ಒಬ್ಬನೇ, ಸಾಲು ಎರಡು! ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿ ಬೇಡ ಅಂತ ಹಟ ಹಿಡಿದರು ಅನ್ನೋದು ನಿಜ. ಆದರೆ ಚರಿತ್ರೆ ಬರೆಯುವಾಗ ಅಲ್ಲೂ ದೊರೆಗಳ ಹೆಸರು ದಪ್ಪ ಅಕ್ಷರದಲ್ಲಿ, ಹೊಲೆಯರು 'ಇತರರು'.

ಯಾರು ಕಟ್ಟಿದರು ಅನ್ನೋದಕ್ಕೆ ಕಾಲವೇ ಸಾಕ್ಷಿ ಹೇಳಿದೆ. ಮೋಗ್ಲಿಂಗ್ 1860ರ ಹೊತ್ತಿಗೆ ಊರಿಗೆ ಹಿಂತಿರುಗಿದರು, 1881ರಲ್ಲಿ ತೀರಿಕೊಂಡರು. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷರು ಬಾಸೆಲ್ ಮಿಶನ್ನಿನ ಜರ್ಮನರನ್ನು ಹಿಡಿದು ಕೂಡಿಹಾಕಿದರು, ದೇಶ ಬಿಟ್ಟು ಕಳಿಸಿದರು. ದೊರೆಗಳು ಹೋದರು, ಸಭೆ ಹೋಗಲಿಲ್ಲ. ಬರೀ ಹಾಲುಪುಡಿಗೆ ಬಂದವರಾಗಿದ್ದರೆ ಡಬ್ಬಿ ಖಾಲಿಯಾದ ದಿನವೇ ಎದ್ದು ಹೋಗಬೇಕಿತ್ತಲ್ಲ?

ಈಗ ಸರ್ಕಾರದ ಆಟ ನೋಡಿ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ. ಮದರಾಸಿನ ಬೀದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಆದಿದ್ರಾವಿಡ ಕ್ರೈಸ್ತನಿಗೆ ಸರ್ಕಾರದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಪಕ್ಕದಲ್ಲಿ ಅದೇ ಚಪ್ಪಲಿ ಹೊಲಿಯುವ ಹಿಂದೂಗಳಿಗೆ ಸಿಕ್ಕಿತು. ಸುಪ್ರೀಂ ಕೋರ್ಟಿಗೆ ಹೋದ. ಹೊಸ ಮತದಲ್ಲೂ ನಿನ್ನ ಕಷ್ಟ ಅಷ್ಟೇ ಇದೆ ಅಂತ ರುಜುವಾತು ಸಾಲದು ಅಂತ 1985ರಲ್ಲಿ ತೀರ್ಪಾಯಿತು. ಮತ ಬಿಟ್ಟರೂ ಅವನ ಕೈಯ ಚರ್ಮ, ಉಳಿ, ದಾರ ಬದಲಾಗಿದ್ದವೇ? ಮತಕ್ಕೂ ಪರಿಶಿಷ್ಟ ಜಾತಿಗೂ ಗಂಟು ಬೇಡ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿ ಮಾಡುವ ಬದಲು 2022ರಲ್ಲಿ ಇನ್ನೊಂದು ಆಯೋಗ ನೇಮಿಸಿದರು. ಕರ್ನಾಟಕ ಇವರನ್ನು ಹಿಂದುಳಿದವರ ಪ್ರವರ್ಗ-1ರಲ್ಲಿಟ್ಟು ಕೈ ತೊಳೆದುಕೊಂಡಿದೆ. ಊರಿನವರಿಗೆ ಇವನು ಇನ್ನೂ ಹೊಲೆಯ. ತಾಲ್ಲೂಕು ಕಚೇರಿಗೆ ಮಾತ್ರ ಅಲ್ಲ!

ಹಾಸ್ಟೆಲಿನ ಗೆಳೆಯರೇ, ಯಾವ ದೇವರಿಗೆ ಕೈ ಮುಗಿಯಬೇಕು, ಮುಗಿಯಬಾರದು ಅಂತ ಹೇಳೋಕೆ ನಾವು ಬಂದಿಲ್ಲ. ಒಂದು ಕೆಲಸ ಹೇಳುತ್ತೇವೆ. ರಜೆಗೆ ಊರಿಗೆ ಹೋದಾಗ, ನಿಮ್ಮ ಸೀಮೆಯಲ್ಲಿ ಹಳೇ ಚರ್ಚು ಇದ್ದರೆ ಹೋಗಿ. ದೀಕ್ಷಾಸ್ನಾನದ ರಿಜಿಸ್ಟರು, ಮದುವೆಯ ರಿಜಿಸ್ಟರು, ಮಣ್ಣು ಮಾಡಿದವರ ರಿಜಿಸ್ಟರು ತೋರಿಸಿ ಅಂತ ಕೇಳಿ. ಗೆದ್ದಲು ತಿನ್ನುವ ಮೊದಲು ಹೆಸರು ಬರೆದುಕೊಳ್ಳಿ. ಮೊದಲು ಬಂದ ಮನೆ ಯಾವುದು, ಯಾರ ಗದ್ದೆಯಿಂದ ಬಂದರು, ಬಂದ ಮೇಲೆ ಯಾರು ಹೊಡೆದರು, ಯಾರು ಕೆಲಸ ತಪ್ಪಿಸಿದರು, ಅಜ್ಜಿ ತಾತಂದಿರನ್ನು ಕೂರಿಸಿಕೊಂಡು ಕೇಳಿ. ಬರೆದದ್ದನ್ನು ಸಭೆಗೆ ತನ್ನಿ, ಓದೋಣ.

ಇನ್ನು ಮುಂದೆ ಯಾರಾದರೂ 'ಹಾಲುಪುಡಿಗೆ ಹೋದೋರು' ಅಂದರೆ ಎದ್ದು ನಿಂತು ಕೇಳಿ: ನಿಮ್ಮ ಅಪ್ಪಂದಿರು ನಮ್ಮ ಅಪ್ಪಂದಿರನ್ನು ಗದ್ದೆಯ ಜೊತೆ ಎಷ್ಟಕ್ಕೆ ಮಾರಿದರು? ಮೊದಲು ಆ ಲೆಕ್ಕ ಕೊಡಿ.

ಜೈಭೀಮ್!