ಅಪ್ಪನ ಗ್ಲಾಸಿಗೆ ಡೂಪ್ ಸಿಕ್ಕೀತೆ?

ಈ ವಾರ ಯಾವ ತಾರೆಯ ಸುದ್ದಿಯೂ ಇಲ್ಲ. ಈ ವಾರದ ನಾಯಕ ಒಂದು ಟೀ ಗ್ಲಾಸು! ಮೂಗು ಮುರೀಬೇಡಿ. ಪೂರ್ತಿ ಓದಿ, ಆಮೇಲೆ ಬೈಯ್ರಿ.

ತೆರೆಯ ಮೇಲೆ ಗಾಜು ಒಡೆಯೋದು ಎಷ್ಟು ಸಲೀಸು! ಖಳನಾಯಕನ ತಲೆಗೆ ಸೀಸೆ ಬಡಿದರೆ ಸೀಸೆ ಪುಡಿಪುಡಿ, ತಲೆಗೆ ಏನೂ ಆಗಲ್ಲ. ಗುಟ್ಟು ಇಷ್ಟೇ, ಅದು ಗಾಜೇ ಅಲ್ಲ. ಹಾಲಿವುಡ್ಡಿನ ಹಳೇ ಕಾಲದಲ್ಲಿ ಸಕ್ಕರೆ ಪಾಕವನ್ನು ಗಟ್ಟಿಯಾಗಿ ಕಾಯಿಸಿ ಅಚ್ಚಿಗೆ ಹೊಯ್ದು ಸೀಸೆ, ಕಿಟಕಿ ಮಾಡುತ್ತಿದ್ದರು. ತೇವ ತಾಗಿದರೆ ಅಂಟಂಟು, ದೀಪದ ಬಿಸಿಗೆ ಮೆತ್ತಗೆ! ಆಮೇಲೆ ಅದರ ಜಾಗಕ್ಕೆ ಒಂದು ಬಗೆಯ ರಾಳ ಬಂತು. ನಾಯಕನಿಗೆ ಡೂಪ್ ಇರುವ ಹಾಗೆ ಗಾಜಿಗೂ ಡೂಪ್! 1921ರ ಚಾಪ್ಲಿನ್ ಚಿತ್ರ ‘ದಿ ಕಿಡ್’ ನೋಡಿದ್ದೀರಾ? ಪುಟ್ಟ ಹುಡುಗ ಕಲ್ಲೆಸೆದು ಕಿಟಕಿ ಒಡೀತಾನೆ. ಹಿಂದೆಯೇ ಚಾಪ್ಲಿನ್ ಬೆನ್ನಿಗೆ ಗಾಜು ಕಟ್ಟಿಕೊಂಡು ರಿಪೇರಿಗೆ ಹಾಜರ್! ಒಡೆದದ್ದಕ್ಕೆ ಬದಲಿ ಅಷ್ಟು ಬೇಗ ಸಿಗೋದು ಸಿನಿಮಾದಲ್ಲಿ ಮಾತ್ರ ಕಣ್ರೀ.

ನಮ್ಮೂರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಗರುಡ ದೇವರ ಊರು ಅಂದರೆ ಬಲ್ಲವರಿಗೆ ಗೊತ್ತಾಗುತ್ತೆ. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸ ಹೆಸರಾದದ್ದು. ಹಿತ್ತಾಳೆ ಚೊಂಬು ನೆಗ್ಗಿದರೆ ತಟ್ಟಿಸಬಹುದು, ತೂತಾದರೆ ಬೆಸುಗೆ ಹಾಕಿಸಬಹುದು, ತೀರಾ ಹಳೆಯದಾದರೆ ತೂಕಕ್ಕೆ ಹಾಕಿ ಹೊಸದು ತರಬಹುದು. ಗಾಜಿನ ಲೋಟಕ್ಕೆ ಆ ಭಾಗ್ಯ ಎಲ್ಲಿ? ಒಡೆದ ಮೇಲೆ ತಿಪ್ಪೆಯೇ ಗತಿ.

ಆದರೂ ನಮ್ಮಪ್ಪನಿಗೆ ಗಾಜೇ ಆಗಬೇಕು. ಸ್ಟೀಲು ಲೋಟ ತುಟಿ ಸುಡುತ್ತೆ, ಟೀ ಬಣ್ಣ ಕಾಣಲ್ಲ ಅಂತಿದ್ದ. ಟೀ ಅಂಗಡೀಲಿ ಕೊಡ್ತಾರಲ್ಲ, ಸುತ್ತಲೂ ಗೀರುಗೀರಿನ, ದಪ್ಪ ತಳದ ಗ್ಲಾಸು, ಅದು. ಅಪ್ಪ ಹೋಗಿ ನಾಲ್ಕು ವರ್ಷ. ಅವ್ವ ಅದೇ ಗ್ಲಾಸಲ್ಲಿ ಟೀ ಕುಡೀತಿದ್ಲು. ಹೋದ ಚಳಿಗಾಲದ ಒಂದು ಬೆಳಿಗ್ಗೆ ಕುದಿಯೋ ಟೀ ಹೊಯ್ದದ್ದೇ ತಡ, ‘ಟಕ್’ ಅಂತ ತಳದ ಸುತ್ತ ಬಿರುಕು! ಯಾರೂ ಬೀಳಿಸಲಿಲ್ಲ, ಯಾರೂ ಬಡಿಯಲಿಲ್ಲ. ಅವತ್ತಿಂದ ಅವ್ವ ಟೀ ಬಿಟ್ಟಳು. “ಬ್ಯಾಡ ಕಣ್ಲಾ, ಬಾಯಿಗೆ ಹತ್ತಾಕಿಲ್ಲ” ಅಂದ್ಲು. ಮೂವತ್ತು ವರ್ಷದ ಅಭ್ಯಾಸ ಒಂದು ಬಿರುಕಲ್ಲಿ ಹೋಯ್ತು.

ತಾನಾಗೇ ಯಾಕೆ ಒಡೀತು? ಮರಳು, ಸೋಡಾ, ಸುಣ್ಣಕಲ್ಲು ಕರಗಿಸಿ ಮಾಡಿದ ಮಾಮೂಲಿ ಗಾಜಿಗೆ ಬಿಸಿ ತಾಗಿದರೆ ಒಳಮೈ ಹಿಗ್ಗುತ್ತೆ, ಹೊರಮೈ ಇನ್ನೂ ತಣ್ಣಗಿರುತ್ತೆ. ಈ ಜಗ್ಗಾಟದಲ್ಲಿ ಬಿರುಕು. ತಳ ದಪ್ಪ ಇದ್ದಷ್ಟೂ ಅಪಾಯ ಹೆಚ್ಚು! ವರ್ಷಗಟ್ಟಲೆ ಬೂದಿ, ನಾರು ಹಾಕಿ ತಿಕ್ಕಿದ ಗೀಚುಗಳೂ ಗಾಜನ್ನು ಸೋಲಿಸುತ್ತವೆ. ಇದಕ್ಕೆ ಮದ್ದು ಬೋರೋಸಿಲಿಕೇಟ್ ಗಾಜು. ಮಾಮೂಲಿ ಗಾಜಿನ ಮೂರನೇ ಒಂದು ಪಾಲಿನಷ್ಟೇ ಹಿಗ್ಗುತ್ತೆ. ಜರ್ಮನಿಯ ಆಟೊ ಶಾಟ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದದ್ದು. 1915ರಲ್ಲಿ ಅಮೆರಿಕದಲ್ಲಿ ಪೈರೆಕ್ಸ್ ಆಗಿ ಅಡುಗೆಮನೆಗೆ ಬಂತು. ನಮ್ಮ ದೇಶದ ಬೋರೋಸಿಲ್ ಕಂಪನಿ ಹುಟ್ಟಿದ್ದು 1962ರಲ್ಲಿ. ಇನ್ನೊಂದು ದಾರಿ ಫ್ರಾನ್ಸಿನ ಡ್ಯೂರಾಲೆಕ್ಸ್‌ನದು: ಕಾದ ಗ್ಲಾಸಿಗೆ ತಟ್ಟನೆ ತಣ್ಣನೆ ಗಾಳಿ ಊದಿ ಗಟ್ಟಿ ಮಾಡೋದು. ಆ ಕಾರ್ಖಾನೆ ಕಷ್ಟಕ್ಕೆ ಸಿಕ್ಕಾಗ 2024ರಲ್ಲಿ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿ ಉಳಿಸಿಕೊಂಡರು. ಸಿನಿಮಾ ಕಥೆ ಆಗೋ ಹಾಗಿದೆ, ಅಲ್ವಾ?

ಅವ್ವನಿಗೆ ಈ ವಿಜ್ಞಾನ ಯಾಕೆ? ಬದಲಿ ಹುಡುಕಿ ಹೊರಟೆ. ಬೆಳ್ಳೂರು ಕ್ರಾಸಿನಲ್ಲಿ ಸಿಕ್ಕಿದ್ದು ಬೆರಳುದ್ದದ ಗ್ಲಾಸು. ನಾಗಮಂಗಲದ ಪಾತ್ರೆ ಅಂಗಡೀಲಿ ಗೀರು ಇತ್ತು, ತೂಕ ಇರಲಿಲ್ಲ. “ಇದೆಲ್ಲ ಫಿರೋಜಾಬಾದಿನ ಮಾಲು ಸಾರ್” ಅಂದ ಅಂಗಡಿಯವನು. ಆಗ್ರಾ ಪಕ್ಕದ ಗಾಜಿನ ಊರು ಅದು. ತಾಜ್‌ಮಹಲಿಗೆ ಹೊಗೆ ತಾಗದಿರಲಿ ಅಂತ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಸುತ್ತಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬನ್ನಿ ಅಂದಿತ್ತು. ಷಹಜಹಾನನ ಪ್ರೇಮಕ್ಕೂ ನಮ್ಮ ಟೀ ಗ್ಲಾಸಿಗೂ ನಂಟು ನೋಡಿ!

ಕೊನೆಗೆ ಅಪ್ಪ ಕೂರುತ್ತಿದ್ದ ಟೀ ಅಂಗಡಿಗೇ ಹೋದೆ. ಯಜಮಾನರು ಹಿಂದಿನ ಹಲಗೆಯಿಂದ ಧೂಳು ಹಿಡಿದ ಗ್ಲಾಸು ತೆಗೆದರು. ಅದೇ ಗೀರು, ಅದೇ ತೂಕ! ಕಾಸು ಮುಟ್ಟಲಿಲ್ಲ. “ತಗಂಡೋಗಪ್ಪ, ನಿಮ್ಮಪ್ಪ ಇಲ್ಲಿ ಕುಡಿದಿರೋ ಟೀ ದುಡ್ಡಲ್ಲಿ ಇಂಥವು ನೂರು ಬಂದಾವು” ಅಂದ್ರು.

ಅವ್ವ ಗ್ಲಾಸನ್ನು ತಿರುಗಿಸಿ ತಿರುಗಿಸಿ ನೋಡಿದ್ಲು. ನನ್ನ ಎದೆ ಡವಡವ. “ಚೆನ್ನಾಗದೆ. ಆದ್ರೆ ಇದು ನಿಮ್ಮಪ್ಪುಂದಲ್ಲ ಕಣ್ಲಾ” ಅಂದ್ಲು. ಸುಮ್ಮನೆ ಒಲೆ ಹಚ್ಚಿದಳು. ಟೀ ಕಾಯಿಸಿ ಆ ಗ್ಲಾಸಿಗೆ ಹೊಯ್ದು ನನ್ನ ಕೈಗೆ ಕೊಟ್ಟು, ತಾನು ಸ್ಟೀಲು ಲೋಟದಲ್ಲಿ ಕುಡಿದಳು! ತಿಂಗಳುಗಳ ಮೇಲೆ ಮೊದಲ ಟೀ. ಫೈಟಿಗೆ ಡೂಪ್ ನಡೆಯುತ್ತೆ ಮಿತ್ರರೇ, ಕ್ಲೋಸಪ್ಪಿಗೆ ನಡೆಯಲ್ಲ. ಅವ್ವನ ಕಣ್ಣೇ ಕ್ಯಾಮೆರಾ! ಆದರೂ ಡೂಪಿಗೆ ಬೇರೆ ಪಾತ್ರ ಸಿಕ್ಕಿತು, ಈಗ ಅದು ನನ್ನ ಗ್ಲಾಸು.

ಮನೇಲಿ ಇಂಥ ಗ್ಲಾಸಿದ್ದರೆ ಎರಡು ಮಾತು ನೆನಪಿಡಿ. ಚಳಿಯಲ್ಲಿ ಮೊದಲು ಉಗುರುಬೆಚ್ಚನೆ ನೀರು ತಿರುಗಿಸಿ ಚೆಲ್ಲಿ, ಆಮೇಲೆ ಟೀ ಹೊಯ್ಯಿರಿ. ಒಡೆದ ಚೂರನ್ನು ಕಾಗದದಲ್ಲಿ ದಪ್ಪಗೆ ಸುತ್ತಿ, ಕಸದವರಿಗೆ ಹೇಳಿಯೇ ಕೊಡಿ, ಅವರದೂ ಕೈಯೇ.

ಈಗ ಬಸ್ ಸ್ಟ್ಯಾಂಡಿನಲ್ಲಿ ಟೀ ಹೀರುತ್ತಾ ಈ ಪುಟ ಓದುತ್ತಿದ್ದೀರಾ? ಬಸ್ಸು ಬಂತು ಅಂತ ಗ್ಲಾಸನ್ನು ಕುಕ್ಕಿ ಓಡಬೇಡಿ ಗುರುವೇ. ಅದೂ ಯಾರಪ್ಪನ ಗ್ಲಾಸೋ! ಮುಂದಿನ ವಾರ ಸಿಗೋಣ.