ದಿನಕ್ಕೆ ಇಪ್ಪತ್ತೇಳು ರೂಪಾಯಿ

ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಬಂದ ಏರ್ಪಾಡು ಇದು. ಮಾರ್ಗಸೂಚಿಯಂತೆ ಪಂಚಾಯಿತಿ ಸದಸ್ಯರೊಬ್ಬರು ಸಮಿತಿಯ ಅಧ್ಯಕ್ಷರು, ಊರಿನ ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಸಮಿತಿಯ ಹೆಸರಿನ ಬ್ಯಾಂಕ್ ಖಾತೆಗೆ ವರ್ಷಕ್ಕೆ 10,000 ರೂಪಾಯಿ ಅನ್‌ಟೈಡ್ ಫಂಡ್ ಬರಬೇಕು. ಅನ್‌ಟೈಡ್ ಎಂದರೆ ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಕಟ್ಟಳೆ ಇಲ್ಲದ ಹಣ. ಚರಂಡಿಗೆ ಬ್ಲೀಚಿಂಗ್ ಪುಡಿ ತರಬಹುದು, ನಡುರಾತ್ರಿ ಹೆರಿಗೆ ನೋವು ಬಂದ ಬಡ ಹೆಣ್ಣುಮಗಳನ್ನು ಆಸ್ಪತ್ರೆಗೆ ಸಾಗಿಸಲು ಆಟೊ ಬಾಡಿಗೆ ಕೊಡಬಹುದು. ಇಡೀ ಆರೋಗ್ಯ ವ್ಯವಸ್ಥೆಯಲ್ಲಿ, ಊರಿನವರೇ ಕೂತು ಯೋಚಿಸಿ ಖರ್ಚು ಮಾಡಬಹುದಾದ ಹಣ ಹೆಚ್ಚುಕಡಿಮೆ ಇದೊಂದೇ. ಲೆಕ್ಕ ಹಾಕಿದರೆ ದಿನಕ್ಕೆ ಇಪ್ಪತ್ತೇಳು ರೂಪಾಯಿ ಚಿಲ್ಲರೆ. ಕೋವಿಡ್ ಬಂದಾಗ ಈ ಸಮಿತಿಗೆ ಹದಿನೈದು ವರ್ಷವಾಗಿತ್ತು. ಮೊತ್ತ ಮಾತ್ರ ಅಷ್ಟೇ ಇತ್ತು.

ಆ ಎರಡು ವರ್ಷಗಳಲ್ಲಿ ನಾವು ಕೇಳಿದ ಅಂಕಿಗಳೆಲ್ಲ ಕೋಟಿಗಳಲ್ಲಿದ್ದವು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 15,000 ಕೋಟಿ ರೂಪಾಯಿಯ ತುರ್ತು ಪ್ಯಾಕೇಜ್ ಮಂಜೂರು ಮಾಡಿತು. ಎರಡನೆಯದು 23,123 ಕೋಟಿಯ ಪ್ಯಾಕೇಜ್. ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2021ರ ಜುಲೈ 8ರಂದು. ದೇಶದಲ್ಲಿ ದಿನವೊಂದಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಸೋಂಕು ದಾಖಲಾಗುತ್ತಿದ್ದದ್ದು ಅದೇ ವರ್ಷದ ಮೇ ತಿಂಗಳ ಆರಂಭದಲ್ಲಿ. ಜುಲೈನ ಹಣ ಮುಂದಿನ ಅಲೆಗೆ ಸಜ್ಜಾಗಲು ಕೊಟ್ಟದ್ದು ನಿಜ, ಮಕ್ಕಳ ವಾರ್ಡು, ಐಸಿಯು ಹಾಸಿಗೆ, ಆಮ್ಲಜನಕದ ಸಂಗ್ರಹ ಎಲ್ಲವೂ ಬೇಕಾದವೇ. ಅದರ ಬಗ್ಗೆ ತಕರಾರಿಲ್ಲ. ನನ್ನ ಮಾತು ಬೇರೆಯದು. ಸಾಂಕ್ರಾಮಿಕದ ಕಾಲದಲ್ಲಿ ಅನುದಾನಕ್ಕೆ ಬೆಲೆ ಬರುವುದು ಬರೀ ಅದರ ಮೊತ್ತದಿಂದಲ್ಲ. ಅದು ಯಾರ ಕೈಗೆ ಬಂತು, ಯಾವಾಗ ಬಂತು, ಎಷ್ಟು ಷರತ್ತು ಹೊತ್ತು ಬಂತು ಎಂಬುದರಿಂದ. ಈ ಮೂರನ್ನೂ ನಾವು ಕಡೆಗಣಿಸಿದೆವು.

2021ರ ಏಪ್ರಿಲ್ ಕೊನೆಗೆ ರಾಜ್ಯದಲ್ಲಿ ಮತ್ತೆ ಬೀಗ ಬಿದ್ದಾಗ ಬೆಂಗಳೂರಿನಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಜೊತೆಗೆ ಸೋಂಕೂ ಹೋಯಿತು. ಒಂದೇ ಕೋಣೆಯ ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಏನೇನು ಬೇಕು ಎಂದು ಒಮ್ಮೆ ಎಣಿಸಿ ನೋಡಿ. ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರ್, ಜ್ವರ ನೋಡುವ ಥರ್ಮಾಮೀಟರ್, ಮಾತ್ರೆ. ಕೂಲಿ ನಿಂತ ಮನೆಗೆ ಹದಿನೈದು ದಿನದ ಅಕ್ಕಿಬೇಳೆ. ನಾಲ್ಕು ಮನೆಗೆ ಒಂದೇ ಶೌಚಾಲಯವಿದ್ದರೆ ರೋಗಿ ಮಲಗಲು ಶಾಲೆಯ ಒಂದು ಕೋಣೆ, ಅಲ್ಲಿಗೆ ಊಟ ಒಯ್ಯುವ ಒಬ್ಬರು. ಕೊಟ್ಟಿಗೆಯಲ್ಲಿ ಕಟ್ಟಿದ ದನಕ್ಕೆ ಮೇವು ಹಾಕುವ ಇನ್ನೊಬ್ಬರು. ಇವೆಲ್ಲ ಇಲ್ಲವೆಂದೇ ಎಷ್ಟೋ ಜನ ಜ್ವರವಿದ್ದರೂ ಪರೀಕ್ಷೆಗೆ ಹೋಗಲು ಹಿಂಜರಿದರು. ಇವುಗಳಲ್ಲಿ ಮಾತ್ರೆಗೆ ಆರೋಗ್ಯ ಇಲಾಖೆಯಲ್ಲಿ ಲೆಕ್ಕಶೀರ್ಷಿಕೆ ಉಂಟು, ಅಕ್ಕಿಗೆ ಆಹಾರ ಇಲಾಖೆಯಲ್ಲಿ ಉಂಟು. ದನದ ಮೇವಿಗೂ ಊಟ ಒಯ್ಯುವವರ ದಿನಗೂಲಿಗೂ ಎಲ್ಲಿಯೂ ಇಲ್ಲ. ರೋಗಿಯ ಮನೆಯಲ್ಲಿ ಆರೋಗ್ಯ ಸೇವೆ, ಸಮಾಜ ಸೇವೆ ಎಂದು ಎರಡು ಇಲಾಖೆ ಇರುವುದಿಲ್ಲ. ಷರತ್ತಿಲ್ಲದ ಸಣ್ಣ ಹಣ ಮಾತ್ರ ಈ ಎರಡರ ನಡುವಿನ ಸಂದಿಯನ್ನು ತುಂಬಬಲ್ಲದು.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2021ರ ಮೇ 8ರಂದು ಕೇಂದ್ರ ಹಣಕಾಸು ಸಚಿವಾಲಯ 25 ರಾಜ್ಯಗಳ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 8,923.8 ಕೋಟಿ ರೂಪಾಯಿಯನ್ನು ಅವಧಿಗೆ ಮುಂಚೆಯೇ ಬಿಡುಗಡೆ ಮಾಡಿತು. ಹದಿನೈದನೆಯ ಹಣಕಾಸು ಆಯೋಗದ ಮುಕ್ತ ಅನುದಾನ ಅದು. ಜೂನ್‌ನಲ್ಲಿ ಬರಬೇಕಾಗಿದ್ದದ್ದು ಮೇ ತಿಂಗಳಲ್ಲೇ ಬಂತು, ಲೆಕ್ಕಪತ್ರಗಳು ಆನ್‌ಲೈನ್‌ನಲ್ಲಿ ಇರಲೇಬೇಕೆಂಬ ಷರತ್ತನ್ನೂ ಸಡಿಲಿಸಲಾಯಿತು. ಅದೇ ತಿಂಗಳ 19ರಂದು ಘೋಷಿಸಿದ 1,250 ಕೋಟಿಯ ಪರಿಹಾರ ಪ್ಯಾಕೇಜಿನಲ್ಲಿ ಕರ್ನಾಟಕ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಗೆ 50,000 ರೂಪಾಯಿ ಕೊಡಲು ಮುಂದಾಯಿತು. ಎರಡೂ ಸರಿಯಾದ ಹೆಜ್ಜೆಗಳೇ, ಮನಸ್ಸಿದ್ದರೆ ಮಾರ್ಗವಿದೆ ಎಂದು ತೋರಿಸಿದವೇ. ಆದರೆ ರೋಗ ದೇಶಕ್ಕೆ ಕಾಲಿಟ್ಟು ಆಗಲೇ ಒಂದು ವರ್ಷ ದಾಟಿತ್ತು. ಮೊದಲ ಅಲೆಯ ಹೊತ್ತಿಗೆ ನಮ್ಮ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದು, ಆಡಳಿತಾಧಿಕಾರಿಗಳ ಕೈಗೆ ಹೋಗಿ, ಚುನಾವಣೆ ನಡೆದದ್ದು 2020ರ ಡಿಸೆಂಬರ್ ಕೊನೆಗೆ. 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು; ಅವುಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪಂಚಾಯಿತಿಗಳಿಗೆ ಅಧಿಕಾರ ಹಂಚಿದ ಸಚಿವ ನಜೀರ್ ಸಾಬರ ನಾಡಿನಲ್ಲಿ, 1987ರಲ್ಲೇ ಜಿಲ್ಲಾ ಪರಿಷತ್ತಿಗೆ ಅಧಿಕಾರ ಕೊಟ್ಟು ದೇಶಕ್ಕೆ ದಾರಿ ತೋರಿದ ನಾಡಿನಲ್ಲಿ, ಇದು ನೋವಿನ ಸಂಗತಿ. ಪಕ್ಕದ ಕೇರಳದಲ್ಲಿ 2020ರ ಮಾರ್ಚ್ ಕೊನೆಯ ವಾರದಲ್ಲೇ ಸ್ಥಳೀಯ ಸಂಸ್ಥೆಗಳೂ ಕುಟುಂಬಶ್ರೀ ಮಹಿಳಾ ಸಂಘಗಳೂ ಸೇರಿ ಸಮುದಾಯ ಅಡುಗೆಮನೆ ತೆರೆದವು. 1996ರ ಜನಕೀಯ ಯೋಜನೆಯಿಂದ ಅಲ್ಲಿನ ಪಂಚಾಯಿತಿಗಳಿಗೆ ಸ್ವಂತ ಹಣ ಸ್ವಂತ ತೀರ್ಮಾನದ ರೂಢಿ ಇತ್ತು. ಆ ರೂಢಿಯನ್ನು ರೋಗ ಬಂದ ದಿನ ಬೆಳಿಗ್ಗೆ ಕಲಿಯಲಾಗದು.

ಸರ್ಕಾರದ ಹೊರಗಿನ ದಾರಿಯೂ ಕಿರಿದಾಯಿತು. 2020ರ ಮಾರ್ಚ್ ಕೊನೆಗೆ ನೀತಿ ಆಯೋಗ 92,000ಕ್ಕೂ ಹೆಚ್ಚು ಸ್ವಯಂಸೇವಾ ಸಂಸ್ಥೆಗಳಿಗೆ ಪತ್ರ ಬರೆದು ನೆರವು ಕೇಳಿತ್ತು. ಏಪ್ರಿಲ್ 1ರಂದು ವಿಪ್ರೊ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಒಟ್ಟು 1,125 ಕೋಟಿ ರೂಪಾಯಿ ಮೀಸಲಿಟ್ಟಾಗ, ತಮ್ಮ 1,600 ಸಿಬ್ಬಂದಿಯ ಜೊತೆಗೆ 350 ಪಾಲುದಾರ ಸಂಸ್ಥೆಗಳ ಮೂಲಕ ಕೆಲಸ ಮಾಡುವುದಾಗಿ ಹೇಳಿದವು. ಅಷ್ಟು ದೊಡ್ಡ ಸಂಸ್ಥೆಗೂ ಹಟ್ಟಿಯ ಬಾಗಿಲು ತಟ್ಟಲು ಸಣ್ಣ ಸಂಘ ಬೇಕು. ಹೀಗಿರುವಾಗ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಅನುದಾನವನ್ನು ಇನ್ನೊಂದಕ್ಕೆ ಹಂಚುವುದನ್ನೇ ನಿಷೇಧಿಸಲಾಯಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಆಸ್ಪತ್ರೆಯ ವೈದ್ಯರ ಸಂಬಳ ಆ ಮಿತಿಯೊಳಗೆ ಬರುವುದಿಲ್ಲ ಎಂದು ನಿಯಮದಲ್ಲಿ ಇದೆ, ಸರಿ. ಆದರೆ ಕಚೇರಿ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ ಬರುತ್ತವೆ. ತಾಲ್ಲೂಕು ಕೇಂದ್ರದ ಸಣ್ಣ ಸಂಘಕ್ಕೆ ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆಯುವವರಿರುವುದಿಲ್ಲ, ವಿದೇಶಿ ಹಣ ಪಡೆಯಲು ಕಡ್ಡಾಯವಾದ ದೆಹಲಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಖಾತೆ ತೆರೆಯುವ ಶಕ್ತಿ ಇರುವುದಿಲ್ಲ. ದೊಡ್ಡ ಸಂಸ್ಥೆಯ ನೆರಳಿನಲ್ಲಿ ಅದಕ್ಕೆ ಹಣ ಬರುತ್ತಿತ್ತು. ಎರಡನೆಯ ಅಲೆ ಬಂದಾಗ ಆ ನೆರಳು ಇರಲಿಲ್ಲ.

ವಿದೇಶಿ ಹಣದ ಮೇಲೆ ಕಣ್ಣಿಡುವುದು ಸರ್ಕಾರದ ಹಕ್ಕು ಎನ್ನುವವರಿದ್ದಾರೆ. ಹಕ್ಕು ಹೌದು. 2022ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ಕಾನೂನು ಸಿಂಧುವೇ ಎಂಬುದು ನನ್ನ ಪ್ರಶ್ನೆಯಲ್ಲ, ವಿವೇಕದ್ದೇ ಎಂಬುದು ಪ್ರಶ್ನೆ. ಹಳೆಯ ಕಾಯ್ದೆಯಲ್ಲೂ ಹಣ ಹಂಚಬಹುದಾಗಿದ್ದದ್ದು ನೋಂದಣಿ ಇದ್ದ ಸಂಸ್ಥೆಗೆ; ಇಲ್ಲದವರಿಗೆ ಕೊಡಲು ಕೇಂದ್ರದ ಪೂರ್ವಾನುಮತಿ ಬೇಕಿತ್ತು. ಕಣ್ಣಿಡಲು ಅಷ್ಟು ಸಾಕಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಷರತ್ತಿಲ್ಲದ ಹಣವನ್ನು ಊರಿನವರ ಕೈಗೆ ಕೊಟ್ಟರೆ ನುಂಗಿಹಾಕುತ್ತಾರೆ. ನುಂಗುವವರು ಇಲ್ಲವೆಂದು ನಾನು ಹೇಳಲಾರೆ. ಆದರೆ ಕೋವಿಡ್ ಕಾಲದ ಖರೀದಿಯಲ್ಲಿ ಅಕ್ರಮದ ಆರೋಪ ಬಂದು ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹ ಆಯೋಗ ತನಿಖೆ ನಡೆಸಬೇಕಾಗಿ ಬಂದದ್ದು ರಾಜ್ಯ ಮಟ್ಟದ ದೊಡ್ಡ ಖರೀದಿಗಳ ಬಗ್ಗೆ. ಮೊತ್ತ ದೊಡ್ಡದಾದಷ್ಟೂ, ಕಚೇರಿ ಮೇಲಿದ್ದಷ್ಟೂ ಹಣ ಸುರಕ್ಷಿತ ಎಂಬ ನಂಬಿಕೆಗೆ ಆಧಾರವೇನು? ತುರ್ತು ಸಂದರ್ಭದಲ್ಲಿ ಟೆಂಡರ್ ಕರೆಯದೆ ಕೊಳ್ಳಲು ಕಾನೂನು ಇಲಾಖೆಗಳಿಗೆ ವಿನಾಯಿತಿ ಕೊಡುತ್ತದೆ. ಕೋಟಿಗಳಿಗೆ ಸಿಗುವ ಆ ನಂಬಿಕೆ 10,000 ರೂಪಾಯಿಗೆ ಯಾಕೆ ಸಿಗಬಾರದು? ಹಳ್ಳಿಯಲ್ಲಿ ಲೆಕ್ಕ ಕೇಳುವ ದಾರಿಯೂ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಬಿಲ್ಲು, ಓಚರು, ಮಾಡಿದ ಕೆಲಸ ಎಲ್ಲವನ್ನೂ ಜನರೆದುರು ಇಡಬೇಕು. ಆಟೊ ಬಾಡಿಗೆ ಎಷ್ಟು ಎಂದು ಊರಿನ ಎಲ್ಲರಿಗೂ ಗೊತ್ತು. ವೆಂಟಿಲೇಟರ್ ಬೆಲೆ ಎಷ್ಟು ಎಂದು ಎಷ್ಟು ಜನರಿಗೆ ಗೊತ್ತು?

ಇನ್ನೂ ಒಂದು ಮಾತು ಕೇಳಿಬರುತ್ತದೆ: ಇರುವ ಅನ್‌ಟೈಡ್ ಫಂಡೇ ಎಷ್ಟೋ ಕಡೆ ಖರ್ಚಾಗದೆ ಉಳಿಯುತ್ತದಲ್ಲ, ಹೆಚ್ಚು ಕೊಟ್ಟು ಏನು ಪ್ರಯೋಜನ? ಉಳಿಯುವುದು ನಿಜ. ಹಣ ತಡವಾಗಿ ಬರುತ್ತದೆ, ಬಂದದ್ದು ಸದಸ್ಯರಿಗೆ ತಿಳಿದಿರುವುದಿಲ್ಲ, ತಿಳಿದರೂ ಆಡಿಟ್ ಆಕ್ಷೇಪಣೆಯ ಭಯಕ್ಕೆ ಸಹಿ ಮಾಡಲು ಹಿಂಜರಿಯುತ್ತಾರೆ. ಆ ಸಹಿಯ ಹೊಣೆ ಹೊತ್ತ ಆಶಾ ಕಾರ್ಯಕರ್ತೆಗೆ ಮನೆಮನೆ ಸುತ್ತಿದ್ದಕ್ಕೆ ಕೇಂದ್ರ ಕೊಟ್ಟ ಕೋವಿಡ್ ಪ್ರೋತ್ಸಾಹಧನ ತಿಂಗಳಿಗೆ 1,000 ರೂಪಾಯಿ. ರೋಗ ಏರುತ್ತಿದ್ದ 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು, ಸಂತೋಷ. ಸಮುದಾಯದ ಆರೋಗ್ಯ ಸೇವೆ ಎಂದರೆ ಕಟ್ಟಡವಲ್ಲ, ಯಂತ್ರವಲ್ಲ, ಈ ಹೆಣ್ಣುಮಗಳೇ. ಅವಳ ದುಡಿಮೆಗೆ ನಿಶ್ಚಿತ ಸಂಬಳ ಕೊಡದೆ ಸಮಿತಿಯ ಖಾತೆಯಲ್ಲಿ ಹಣ ಯಾಕೆ ಉಳಿಯಿತು ಎಂದು ಕೇಳುವುದು ನ್ಯಾಯವಲ್ಲ.

ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅಂಥ ಹಣದ ಒಂದು ಸಣ್ಣ ಪಾಲು, ಊರಿನ ಜನಸಂಖ್ಯೆಗೂ ಬಡತನಕ್ಕೂ ತಕ್ಕಂತೆ, ಗ್ರಾಮ ಸಮಿತಿಯ ಖಾತೆಯಲ್ಲಿ ಷರತ್ತಿಲ್ಲದೆ ಸದಾ ಇರಬೇಕು. ಸಾಂಕ್ರಾಮಿಕ ಘೋಷಣೆಯಾದ ದಿನ ಯಾರ ಆದೇಶಕ್ಕೂ ಕಾಯದೆ ಖರ್ಚು ಮಾಡುವ ಅಧಿಕಾರವೂ ಅದಕ್ಕೆ ಇರಬೇಕು. ಮುಂದಿನ ಜಮಾಬಂದಿ ನಿಮ್ಮೂರಿನಲ್ಲಿ ನಡೆದಾಗ ದಯವಿಟ್ಟು ಹೋಗಿ. ಆರೋಗ್ಯ ಸಮಿತಿಯ ಪಾಸ್‌ಬುಕ್ ಎಲ್ಲಿದೆ, ಅದರಲ್ಲಿ ಎಷ್ಟಿದೆ, ಕೊನೆಯ ಸಲ ಹಣ ತೆಗೆದದ್ದು ಯಾವಾಗ ಎಂದು ಕೇಳಿ.